ಮಗು ಯಾರದು? – ಮಮಕಾರ, ಹೊಣೆ ಮತ್ತು ಕಾನೂನು

ಮನುಷ್ಯನು 'ನನ್ನದು' ಎಂದು ಹೇಳಿಕೊಳ್ಳುವ ವಸ್ತುಗಳಿಗೆ ಮಿತಿಯಿಲ್ಲ. ಹೊಲ ನನ್ನದು, ಮನೆ ನನ್ನದು, ಅಂಗಡಿ ನನ್ನದು ಎಂಬ ಮಾತುಗಳ ಸಾಲಿಗೆ 'ಮಗು ನನ್ನದು' ಎಂಬ ಮಾತೂ ಬಂದು ಸೇರಿಕೊಳ್ಳುತ್ತದೆ. ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯಗಳಲ್ಲಿ ಭೇದವಿಲ್ಲ. ಧರ್ಮದ ದೃಷ್ಟಿಯಿಂದ ಭೇದ ಬಹಳ ದೊಡ್ಡದು. ಹೊಲವನ್ನು ಮಾರಬಹುದು, ಮನೆಯನ್ನು ಪಾಲು ಮಾಡಿಕೊಳ್ಳಬಹುದು. ಮಗುವಾದರೋ ತನ್ನ ಕರ್ಮವನ್ನು ತಾನೇ ಹೊತ್ತು ಬಂದು, ತನ್ನ ಶ್ರೇಯಸ್ಸನ್ನು ತಾನೇ ಸಾಧಿಸಿಕೊಳ್ಳಬೇಕಾದ ಸ್ವತಂತ್ರ ಜೀವ. ತಾಯಿತಂದೆಗಳು ಅದಕ್ಕೆ ಆಶ್ರಯವಾಗಿ ಒದಗಿದವರೇ ಹೊರತು ಒಡೆಯರಲ್ಲ.

ಉಮಾಸ್ವಾಮಿಯ ತತ್ತ್ವಾರ್ಥಸೂತ್ರವು ಶ್ರಾವಕನ ಪರಿಗ್ರಹಪರಿಮಾಣ ವ್ರತಕ್ಕೆ ಬರಬಹುದಾದ ಅತಿಚಾರಗಳನ್ನು ಹೇಳುವಲ್ಲಿ ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯ, ದಾಸಿ-ದಾಸರು, ಪಾತ್ರೆ-ವಸ್ತ್ರ ಮೊದಲಾದವನ್ನು ಎಣಿಸುತ್ತದೆ. ಆ ಪಟ್ಟಿಯಲ್ಲಿ ಮಗುವಿಲ್ಲ. ಆದರೆ ಅದೇ ಗ್ರಂಥವು ಪರಿಗ್ರಹದ ಮೂಲವನ್ನು ವಸ್ತುವಿನಲ್ಲಿ ಹೇಳದೆ ಮೂರ್ಛೆಯಲ್ಲಿ, ಅಂದರೆ ಮಮಕಾರದ ಅಂಟಿನಲ್ಲಿ ಹೇಳುತ್ತದೆ. ಆದ್ದರಿಂದ ಮಗುವು ಪರಿಗ್ರಹವಲ್ಲದಿದ್ದರೂ ಮಗುವಿನ ವಿಷಯದಲ್ಲಿ ಪರಿಗ್ರಹಬುದ್ಧಿ ಹುಟ್ಟುವ ಸಂಭವ ಉಂಟು. ದಂಪತಿಗಳು ಬೇರೆಯಾಗುವ ಹೊತ್ತಿಗೆ ಈ ಬುದ್ಧಿ ಹೇಗೆ ತಲೆಯೆತ್ತುತ್ತದೆ, ಅದನ್ನು ಕಾನೂನು ಹೇಗೆ ಕಾಣುತ್ತದೆ, ಸಮಾಜದ ಹಿರಿಯರು ಹೇಗೆ ಕಾಣಬೇಕು ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಗಂಡನ ಮನೆ ಮದ್ದೂರು, ಹೆಂಡತಿಯ ತವರು ಮಳವಳ್ಳಿ, ಇಬ್ಬರ ಉದ್ಯೋಗವೂ ಮಂಡ್ಯ. ಮನಸ್ತಾಪ ಬೆಳೆದು ಹೆಂಡತಿ ನಾಲ್ಕು ವರ್ಷದ ಮಗುವಿನೊಡನೆ ತವರಿಗೆ ಬಂದಿದ್ದಾಳೆ. ಇಂತಹ ಜಗಳವು ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲು ಬಂಧುಗಳ ಜಗುಲಿಗೆ, ಬಸದಿಯ ಆಡಳಿತ ಮಂಡಲಿಯ ಹಿರಿಯರ ಬಳಿಗೆ ಬರುವುದು ವಾಡಿಕೆ. ಅಲ್ಲಿ ಏಳುವ ಮೊದಲ ಪ್ರಶ್ನೆ 'ಮಗು ಯಾರಿಗೆ ಸೇರಬೇಕು?' ಎಂಬುದು. ಒಬ್ಬರು 'ವಂಶ ತಂದೆಯದು' ಎನ್ನುತ್ತಾರೆ. ಇನ್ನೊಬ್ಬರು 'ಹೆತ್ತವಳು ತಾಯಿ' ಎನ್ನುತ್ತಾರೆ. ಎರಡೂ ಮಾತುಗಳಲ್ಲಿ ಸತ್ಯದ ಅಂಶವಿದೆ. ಆದರೆ ಎರಡೂ ಮಗುವನ್ನು ಹಂಚಿಕೆಯ ವಸ್ತುವೆಂದು ಮೊದಲೇ ಒಪ್ಪಿಕೊಂಡ ಮಾತುಗಳು. 'ಈ ಮಗುವಿಗೆ ಏನು ಬೇಕು?' ಎಂದು ಕೇಳಿದಾಗ ಮಾತ್ರ ವಿಚಾರವು ಸರಿಯಾದ ದಾರಿ ಹಿಡಿಯುತ್ತದೆ.

ಮಗುವನ್ನು ವಂಶದ ಉಪಕರಣವೆಂದು ಕಾಣುವ ಬುದ್ಧಿ ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಈ ಜಿಲ್ಲೆಯೇ ಸಾಕ್ಷಿಯಾಗಬೇಕಾಯಿತು. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವು 2023ರ ಕೊನೆಯ ತಿಂಗಳುಗಳಲ್ಲಿ ಬಯಲಾಯಿತು. ಬೆಲ್ಲ ಕಾಯಿಸುವ ಮನೆಯಲ್ಲಿ ಹೆಣ್ಣು ಜೀವಗಳ ಲೆಕ್ಕ ನಡೆಯಿತೆಂಬುದು ಅಹಿಂಸೆಯನ್ನು ಪರಮಧರ್ಮವೆನ್ನುವ ಯಾರೂ ಮರೆಯಬಾರದ ಸಂಗತಿ. ಬೇಕಾದ ಮಗು, ಬೇಡವಾದ ಮಗು ಎಂಬ ಭೇದವು ಗರ್ಭದಲ್ಲಿಯೇ ಆರಂಭವಾದರೆ, ದಂಪತಿಗಳು ಬೇರೆಯಾದಾಗ ಗಂಡುಮಗುವಿಗಾಗಿ ಹೋರಾಡಿ ಹೆಣ್ಣುಮಗುವನ್ನು ಬಿಟ್ಟುಕೊಡುವ ಮನಸ್ಸು ಅದರ ಮುಂದುವರಿಕೆಯಷ್ಟೇ.

ಇನ್ನು ಕಾನೂನಿನ ಮಾತು. ಜೈನರಿಗೆ ಈ ವಿಷಯದಲ್ಲಿ ಬೇರೆ ಶಾಸನವಿದೆಯೆಂಬ ಭಾವನೆ ಕೆಲವರಲ್ಲಿದೆ. ಹಿಂದೆ ನ್ಯಾಯಾಲಯಗಳು ಜೈನರ ವಿಶಿಷ್ಟ ಆಚಾರಗಳನ್ನು ಮನ್ನಿಸಿದ್ದುಂಟು. ಮಕ್ಕಳಿಲ್ಲದ ಜೈನ ವಿಧವೆಯು ಗಂಡನ ಅನುಮತಿಯಿಲ್ಲದೆಯೂ ದತ್ತು ಸ್ವೀಕರಿಸಬಹುದೆಂಬ ಆಚಾರವನ್ನು ಪ್ರಿವಿ ಕೌನ್ಸಿಲು 1878ರಲ್ಲಿಯೇ ಒಪ್ಪಿತ್ತು. 1926ರಲ್ಲಿ ಚಂಪತ್ ರಾಯ್ ಜೈನ್ ಅವರು ಜೈನ ಕಾನೂನನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದರು. ಆದರೆ 1955ರ ಹಿಂದೂ ವಿವಾಹ ಅಧಿನಿಯಮವೂ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮವೂ ಬೌದ್ಧ, ಸಿಖ್ಖರಂತೆ ಜೈನರಿಗೂ ಅನ್ವಯಿಸುತ್ತವೆಂದು ಸ್ಪಷ್ಟವಾಗಿ ಹೇಳಿವೆ. 2014ರಲ್ಲಿ ಕೇಂದ್ರ ಸರ್ಕಾರವು ಜೈನ ಸಮುದಾಯವನ್ನು ಅಲ್ಪಸಂಖ್ಯಾತವೆಂದು ಘೋಷಿಸಿದ ಮೇಲೆ ಈ ಶಾಸನಗಳು ಅನ್ವಯಿಸುವುದಿಲ್ಲವೆಂಬ ವಾದ ಹುಟ್ಟಿತು. ಇಂದೋರಿನ ಕುಟುಂಬ ನ್ಯಾಯಾಲಯವೊಂದು 2025ರ ಆರಂಭದಲ್ಲಿ ಆ ವಾದವನ್ನು ಹಿಡಿದು ಜೈನ ದಂಪತಿಯ ವಿಚ್ಛೇದನದ ಅರ್ಜಿಯನ್ನು ತಳ್ಳಿಹಾಕಿತು. ಅದೇ ವರ್ಷದ ಮಾರ್ಚಿಯಲ್ಲಿ ಮಧ್ಯಪ್ರದೇಶದ ಉಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಗೊಳಿಸಿತು. ಹೀಗಾಗಿ ಮಂಡ್ಯದ ಜೈನ ಕುಟುಂಬಕ್ಕೂ ನೆರೆಮನೆಯ ಒಕ್ಕಲಿಗ ಕುಟುಂಬಕ್ಕೂ ಮಗುವಿನ ವಿಷಯದಲ್ಲಿ ಕಾನೂನು ಒಂದೇ.

ಆ ಕಾನೂನಿನಲ್ಲಿ ಎರಡು ಕಲ್ಪನೆಗಳನ್ನು ಬೇರೆಬೇರೆಯಾಗಿ ಗ್ರಹಿಸಬೇಕು. ಮಗುವಿನ ಪರವಾಗಿ ನಿರ್ಧಾರ ಕೈಗೊಳ್ಳುವ, ಅದರ ಸ್ವತ್ತನ್ನು ನೋಡಿಕೊಳ್ಳುವ ಅಧಿಕಾರ ಪೋಷಕತ್ವ. ಮಗುವು ದಿನನಿತ್ಯ ಯಾರ ಮನೆಯಲ್ಲಿ ಉಂಡು ಮಲಗಬೇಕೆಂಬುದು ಅಭಿರಕ್ಷೆ. ಒಬ್ಬರು ಪೋಷಕರಾಗಿದ್ದು ಮಗುವು ಇನ್ನೊಬ್ಬರ ಅಭಿರಕ್ಷೆಯಲ್ಲಿರುವುದು ಸಾಧ್ಯ. 1956ರ ಅಧಿನಿಯಮದ 6ನೆಯ ಪ್ರಕರಣವು ತಂದೆಯನ್ನು, 'ಅವನ ತರುವಾಯ' ತಾಯಿಯನ್ನು ಸಹಜ ಪೋಷಕರೆಂದು ಹೇಳಿ, ಐದು ವರ್ಷ ತುಂಬದ ಮಗುವಿನ ಅಭಿರಕ್ಷೆ ಸಾಮಾನ್ಯವಾಗಿ ತಾಯಿಯದೆಂದು ವಿಧಿಸುತ್ತದೆ.

ಈ ಪ್ರಕರಣದ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳು ಪ್ರಚಾರದಲ್ಲಿವೆ. ಮೊದಲನೆಯದು, ತಂದೆ ಬದುಕಿರುವವರೆಗೆ ತಾಯಿಗೆ ಪೋಷಕತ್ವವೇ ಇಲ್ಲವೆಂಬುದು. ಮಗನ ಹೆಸರಿನಲ್ಲಿ ಬಾಂಡು ಕೊಳ್ಳಲು ತಾಯಿಯು ಹಾಕಿದ ಸಹಿಯನ್ನು ಒಪ್ಪದೆ ರಿಸರ್ವ್ ಬ್ಯಾಂಕು ತಂದೆಯ ಸಹಿಯನ್ನು ಕೇಳಿದ್ದರಿಂದ ಹುಟ್ಟಿದ ಗೀತಾ ಹರಿಹರನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಈ ಭ್ರಮೆಯನ್ನು ಕಳೆಯಿತು. 'ತರುವಾಯ' ಎಂಬುದಕ್ಕೆ ತಂದೆಯ ಮರಣಾನಂತರವೆಂದಷ್ಟೇ ಅರ್ಥವಲ್ಲ. ತಂದೆಯು ದೂರವಿದ್ದಾಗ, ಮಗುವಿನ ವಿಷಯದಲ್ಲಿ ಉದಾಸೀನನಾಗಿದ್ದಾಗ, ಇಬ್ಬರೂ ಒಪ್ಪಿ ಹೊಣೆಯನ್ನು ತಾಯಿಗೆ ಒಪ್ಪಿಸಿದಾಗ ತಾಯಿಯೇ ಸಹಜ ಪೋಷಕಳು ಎಂದು ವಿವರಿಸಿತು. ಎರಡನೆಯದು, ಐದು ವರ್ಷ ತುಂಬಿದ ಮರುದಿನವೇ ಮಗುವನ್ನು ತಂದೆಗೆ ಒಪ್ಪಿಸಬೇಕೆಂಬುದು. ಕಾನೂನಿನಲ್ಲಿ ಅಂತಹ ಗಡುವಿಲ್ಲ. ಅದೇ ಅಧಿನಿಯಮದ 13ನೆಯ ಪ್ರಕರಣವು ಮಗುವಿನ ಕ್ಷೇಮವೇ ಪರಮ ಪರಿಗಣನೆಯೆಂದು ಹೇಳುತ್ತದೆ. ವಯಸ್ಸು, ಲಿಂಗ, ವಂಶ, ಆದಾಯ ಎಲ್ಲವೂ ಆ ಕ್ಷೇಮವನ್ನು ಅಳೆಯುವ ಸಾಧನಗಳಷ್ಟೇ. ಅಧಿಕ ಸಂಬಳವಿರುವ ತಂದೆಗೆ ಮಗು ತಾನಾಗಿ ದಕ್ಕುವುದಿಲ್ಲ. ತಾಯಿಯೆಂಬ ಒಂದೇ ಕಾರಣದಿಂದ ಎಂದೆಂದಿಗೂ ತಾಯಿಗೆ ದಕ್ಕುವುದಿಲ್ಲ. ಒಮ್ಮೆ ಆದ ಆದೇಶವೂ ಶಾಶ್ವತವಲ್ಲ. ಪರಿಸ್ಥಿತಿ ಬದಲಾದರೆ ಅದನ್ನು ಬದಲಿಸಲು ಕೋರಬಹುದು.

ಸ್ವತ್ತಿನ ಮಾತು ಇಲ್ಲಿ ಹೆಚ್ಚು ಪ್ರಸ್ತುತ. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆ, ಕಬ್ಬಿನ ತೋಟಗಳ ಈ ಸೀಮೆಯಲ್ಲಿ ತಾತನು ಮೊಮ್ಮಗುವಿನ ಹೆಸರಿಗೆ ಜಮೀನು ಬರೆಯುವುದುಂಟು. ಮಗುವಿನ ಮೇಲಿನ ಜಗಳವೆಂದು ತೋರುವುದು ಕೆಲವೊಮ್ಮೆ ಆ ಜಮೀನಿನ ಮೇಲಿನ ಜಗಳ. ಅಪ್ರಾಪ್ತವಯಸ್ಕರ ಸ್ಥಿರಾಸ್ತಿಯನ್ನು ಸಹಜ ಪೋಷಕರೂ ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ, ಅಡವಿಡುವಂತಿಲ್ಲವೆಂದು 8ನೆಯ ಪ್ರಕರಣ ನಿರ್ಬಂಧಿಸಿದೆ. ಹಾಗೆ ಮಾರಿದ್ದನ್ನು ಮಗುವು ಪ್ರಾಪ್ತವಯಸ್ಸಿಗೆ ಬಂದ ಮೂರು ವರ್ಷಗಳೊಳಗೆ ಪ್ರಶ್ನಿಸಬಹುದು. ಕಾನೂನು ಇಲ್ಲಿ ತಂದೆತಾಯಿಗಳನ್ನು ಕಾಣುವುದು ನಿಕ್ಷೇಪವನ್ನು ಕಾಯುವ ಧರ್ಮದರ್ಶಿಗಳಂತೆ. ಬಸದಿಯ ಸ್ವತ್ತನ್ನು ನೋಡಿಕೊಳ್ಳುವವರಿಗೆ ಈ ಭಾವ ಅಪರಿಚಿತವಲ್ಲ. ದೇವರ ಗದ್ದೆಯ ಮೇಲ್ವಿಚಾರಕನು ಆ ಗದ್ದೆ ತನ್ನದೆಂದು ತಿಳಿಯುವುದಿಲ್ಲ. ಅದರ ಒಂದು ಸೇರು ಭತ್ತವೂ ಪೋಲಾಗದಂತೆ ದುಡಿಯುತ್ತಾನೆ. ಮಗುವಿನ ಪಾಲನೆಯೂ ಅಂತಹುದೇ.

ಅಭಿರಕ್ಷೆಯ ಅರ್ಜಿಯನ್ನು ಮಗುವು ಸಾಮಾನ್ಯವಾಗಿ ವಾಸಿಸುವ ಪ್ರದೇಶದ ಮೇಲೆ ಅಧಿಕಾರವುಳ್ಳ ಕುಟುಂಬ ನ್ಯಾಯಾಲಯ ಅಥವಾ ಜಿಲ್ಲಾ ನ್ಯಾಯಾಲಯದಲ್ಲಿ ಸಲ್ಲಿಸಬೇಕೆಂಬುದು 1890ರ ಪೋಷಕರ ಮತ್ತು ಪಾಲ್ಯರ ಅಧಿನಿಯಮದ ನಿಯಮ. ಮಗುವನ್ನು ರಾತ್ರೋರಾತ್ರಿ ಬೇರೆ ಊರಿಗೆ ಸಾಗಿಸಿದ ಮಾತ್ರಕ್ಕೆ ವಾಸಸ್ಥಳ ಬದಲಾಗುವುದಿಲ್ಲ. ಹಣವಿಲ್ಲವೆಂಬ ಅಂಜಿಕೆಯೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯನ್ನು ನೋಡದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಮಂಡ್ಯದ ಜಿಲ್ಲಾ ಪ್ರಾಧಿಕಾರವೂ ತಾಲ್ಲೂಕುಗಳ ಕಾನೂನು ಸೇವಾ ಸಮಿತಿಗಳೂ ಇರುವುದು ಅದಕ್ಕಾಗಿಯೇ.

ಮಗುವಿನ ಇಚ್ಛೆಗೆ ಬೆಲೆಯಿದೆಯೇ? ಬುದ್ಧಿಪೂರ್ವಕವಾಗಿ ಆಯ್ಕೆ ಮಾಡುವಷ್ಟು ವಯಸ್ಸಾಗಿದ್ದರೆ ನ್ಯಾಯಾಧೀಶರು ಅದರ ಅಭಿಪ್ರಾಯವನ್ನು ಗಮನಿಸಬಹುದೆಂದು 1890ರ ಅಧಿನಿಯಮವೇ ಹೇಳುತ್ತದೆ. ತಂದೆಗೂ ತಾಯಿಯ ತಂದೆತಾಯಿಗಳಿಗೂ ನಡೆದ ನೀಲ್ ರತನ್ ಕುಂಡು ಪ್ರಕರಣದಲ್ಲಿ ಮಗುವಿನ ಇಚ್ಛೆಯನ್ನು ಕೇಳದೆಯೇ ಕೆಳಗಿನ ನ್ಯಾಯಾಲಯಗಳು ತೀರ್ಮಾನಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತಪ್ಪೆಂದಿತು. ಆದರೆ ಈ ಅವಕಾಶವೇ ಒಂದು ಸೂಕ್ಷ್ಮ ಹಿಂಸೆಗೆ ದಾರಿಯಾಗುತ್ತದೆ. ಮಗುವಿನ ಬಾಯಿಂದ ತನಗೆ ಬೇಕಾದ ಮಾತನ್ನು ಬರಿಸಬೇಕೆಂದು ತಾಯಿಯು ತಂದೆಯನ್ನು, ತಂದೆಯು ತಾಯಿಯನ್ನು ದಿನವೂ ದೂಷಿಸತೊಡಗುತ್ತಾರೆ. 'ನಿನ್ನಪ್ಪ ನಮ್ಮನ್ನು ಬೀದಿಪಾಲು ಮಾಡಿದ', 'ನಿನ್ನಮ್ಮ ನಿನ್ನನ್ನು ಬಿಟ್ಟು ಹೋದಳು' ಎಂಬ ಮಾತುಗಳಿಂದ ಮೈಮೇಲೆ ಗಾಯವಾಗುವುದಿಲ್ಲ. ನೀರನ್ನು ಸೋಸಿ ಕುಡಿಯುವ, ರಾತ್ರಿ ಉಣ್ಣದ ಮನೆಯಲ್ಲಿಯೂ ಈ ಹಿಂಸೆ ನಿರಾತಂಕವಾಗಿ ನಡೆಯಬಲ್ಲದು.

ಅನೇಕಾಂತವು ಪಂಡಿತರ ವಾದಕ್ಕೆ ಮಾತ್ರ ಮೀಸಲಾದ ತತ್ತ್ವವಲ್ಲ. ಹೆಂಡತಿಗೆ ಕ್ರೂರಿಯಾಗಿ ಕಂಡ ಗಂಡನು ಮಗುವಿಗೆ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ ಅಪ್ಪನಾಗಿರಬಹುದು. ಗಂಡನಿಗೆ ಹಟಮಾರಿಯಾಗಿ ಕಂಡ ಹೆಂಡತಿಯು ಮಗುವಿಗೆ ಜ್ವರದ ರಾತ್ರಿಗಳಲ್ಲಿ ಎಚ್ಚರವಿದ್ದ ಅಮ್ಮನಾಗಿರಬಹುದು. ಒಂದು ದೃಷ್ಟಿಯ ಸತ್ಯವು ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ. ದಂಪತಿಗಳು ತಮ್ಮ ಕಹಿಯನ್ನು ತಮ್ಮಲ್ಲಿಯೇ ಇಟ್ಟುಕೊಂಡು ಮಗುವಿಗೆ ಅದರ ಸತ್ಯವನ್ನು ಉಳಿಸಿಕೊಡುವುದು ಮನೆಯೊಳಗಿನ ಅನೇಕಾಂತ. ಇದಕ್ಕೆ ಒಂದು ಅಪವಾದವುಂಟು. ಹೊಡೆತ, ಕುಡಿತ, ಮಗುವಿನ ಮೇಲಿನ ದೌರ್ಜನ್ಯ ನಿಜವಾಗಿ ನಡೆದಿದ್ದರೆ ಅದನ್ನು ಸಮದೃಷ್ಟಿಯ ಹೆಸರಿನಲ್ಲಿ ಮುಚ್ಚಿಡುವುದು ಅನೇಕಾಂತವಲ್ಲ, ಅಸತ್ಯ. ಅಂತಹ ಸಂದರ್ಭದಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ನೀಡುವ 2005ರ ಅಧಿನಿಯಮದಡಿ ಮಗುವಿನ ತಾತ್ಕಾಲಿಕ ಅಭಿರಕ್ಷೆಯನ್ನು ಕೋರಲು ಅವಕಾಶವಿದೆ.

ಮದ್ದೂರು ತಾಲ್ಲೂಕಿನ ಅರೆತಿಪ್ಪೂರು ಗಂಗರ ಕಾಲದಿಂದಲೂ ಜೈನರ ನೆಲೆ. ಅಲ್ಲಿಯ ಬೆಟ್ಟದ ಮೇಲೆ ಬಾಹುಬಲಿಯ ಶಿಲಾಮೂರ್ತಿ ನಿಂತಿದೆ. ಬಾಹುಬಲಿಯ ಕಥೆಯನ್ನು ಕೇಳುವವರು ಅವನ ತಪಸ್ಸನ್ನು ನೆನೆಯುತ್ತಾರೆ. ಅದಕ್ಕಿಂತ ಮೊದಲು ನಡೆದ ಒಂದು ಸಂಗತಿಯನ್ನು ಬೇಗ ದಾಟಿಬಿಡುತ್ತಾರೆ. ಭರತ-ಬಾಹುಬಲಿಯರ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ನಡುವೆ ಬಂದು, ಜಗಳ ಇಬ್ಬರದು, ನಿರಪರಾಧಿಗಳ ಸೇನೆ ಸಾಯುವುದೇಕೆಂದು ಕೇಳಿದರು. ಅದರಿಂದಲೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಆ ಇಬ್ಬರ ನಡುವೆ ಮಾತ್ರ ನಡೆದವು. ಪಂಪನ ಆದಿಪುರಾಣದ ಮೂಲಕ ಸಾವಿರ ವರ್ಷಗಳಿಂದ ಕನ್ನಡಿಗರಿಗೆ ಪರಿಚಿತವಾದ ಪ್ರಸಂಗವಿದು. ದಂಪತಿಗಳ ಕಲಹದಲ್ಲಿ ಮಗುವೇ ಆ ನಿರಪರಾಧಿ ಸೇನೆ. ಹಿರಿಯರಿಗೆ ಸಲ್ಲುವ ಪಾತ್ರ ಆ ಮಂತ್ರಿಗಳದು. ಯಾರು ಗೆದ್ದರೆಂದು ಸಾರುವುದಕ್ಕಿಂತ ಯಾರು ಸಾಯಬಾರದೆಂದು ನೋಡುವುದು ಅವರ ಕೆಲಸ.

ಹಾಗಾದರೆ ಮಗುವನ್ನು ಇಬ್ಬರಿಗೂ ಸಮನಾಗಿ ಒಪ್ಪಿಸಿದರೆ ಸರಿಯಾಗದೇ? ಕರ್ನಾಟಕದ ಉಚ್ಚ ನ್ಯಾಯಾಲಯವು ಕೆ.ಎಂ. ವಿನಯಾ ಪ್ರಕರಣದಲ್ಲಿ 2013ರಲ್ಲಿ ಅಂತಹ ಪ್ರಯೋಗ ಮಾಡಿತು. ಬಾಲಕನು ವರ್ಷದ ಮೊದಲರ್ಧ ತಂದೆಯೊಡನೆ, ಉಳಿದರ್ಧ ತಾಯಿಯೊಡನೆ ಇರಬೇಕೆಂದು ವ್ಯವಸ್ಥೆ ಮಾಡಿತು. 2015ರಲ್ಲಿ ಕಾನೂನು ಆಯೋಗವು ತನ್ನ 257ನೆಯ ವರದಿಯಲ್ಲಿ ಜಂಟಿ ಅಭಿರಕ್ಷೆಯನ್ನು ಶಾಸನದೊಳಗೆ ತರಬೇಕೆಂದು ಶಿಫಾರಸು ಮಾಡಿತು. ಇದರ ಹಿಂದಿರುವ ಭಾವ ಉದಾತ್ತವಾದುದು. ಆದರೆ ಸಮಪಾಲು ಎಂಬುದು ತಂದೆತಾಯಿಗಳ ನಡುವಿನ ನ್ಯಾಯ. ಅದು ಎಲ್ಲ ಮಕ್ಕಳಿಗೂ ಕ್ಷೇಮವೆಂದು ಹೇಳಲಾಗದು. ಒಂದೇ ಊರಿನ ಎರಡು ಬೀದಿಗಳಲ್ಲಿ ತಂದೆತಾಯಿಗಳಿದ್ದು ಶಾಲೆ ಬದಲಾಗದಿದ್ದರೆ ಈ ಕ್ರಮ ನಡೆದೀತು. ಮಂಡ್ಯಕ್ಕೂ ಮದ್ದೂರಿಗೂ ಸುಮಾರು 20 ಕಿಲೋಮೀಟರು. ಅಷ್ಟು ದೂರವನ್ನು ಹೊಂದಿಸಿಕೊಳ್ಳಬಹುದು. ಒಬ್ಬರು ಮಳವಳ್ಳಿಯಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿದ್ದರೆ ಅರ್ಧ ವರ್ಷಕ್ಕೊಮ್ಮೆ ಶಾಲೆ, ಗೆಳೆಯರು, ಹಾಸಿಗೆ ಎಲ್ಲವೂ ಬದಲಾಗುವ ಮಗುವು ಎರಡು ಮನೆಗಳಲ್ಲಿಯೂ ಅತಿಥಿಯಾಗಿಬಿಡಬಹುದು. ಅಂತಹ ಕಡೆ ಮಗುವು ಒಂದು ಮನೆಯಲ್ಲಿ ನೆಲೆನಿಂತು, ಇನ್ನೊಬ್ಬರೊಡನೆ ರಜೆಯ ದಿನಗಳನ್ನೂ ಭಾನುವಾರಗಳನ್ನೂ ತಪ್ಪದೆ ಕಳೆಯುವುದು ಉತ್ತಮ. ದೂರವಿರುವವರು ದೂರವಾಣಿ, ವಿಡಿಯೋ ಕರೆಗಳ ಮೂಲಕ ಮಗುವಿನೊಡನೆ ಮಾತನಾಡುವ ಅವಕಾಶ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಹೇಳಿದೆ. ಭೇಟಿಯನ್ನು ತಡೆಯುವವರು ಎದುರಾಳಿಯನ್ನು ದಂಡಿಸುತ್ತಿರುವುದಾಗಿ ಭಾವಿಸುತ್ತಾರೆ. ದಂಡವನ್ನು ತೆರುವುದು ಮಗು.

ಜೈನ ಸಮಾಜವು ಮಾತ್ರ ಎದುರಿಸಬೇಕಾದ ಇನ್ನೊಂದು ಪ್ರಶ್ನೆ ಉಳಿದಿದೆ. 1956ರ ಅಧಿನಿಯಮದ 6ನೆಯ ಪ್ರಕರಣವು ಲೋಕವನ್ನು ಸಂಪೂರ್ಣವಾಗಿ, ಅಂತಿಮವಾಗಿ ತ್ಯಜಿಸಿ ವಾನಪ್ರಸ್ಥ, ಯತಿ ಅಥವಾ ಸಂನ್ಯಾಸಿಯಾದವರು ಸಹಜ ಪೋಷಕರಾಗಿ ವರ್ತಿಸುವಂತಿಲ್ಲವೆಂದು ವಿಧಿಸುತ್ತದೆ. 2017ರಲ್ಲಿ ಮಧ್ಯಪ್ರದೇಶದ ಯುವ ದಂಪತಿಗಳು ಸುಮಾರು ಮೂರು ವರ್ಷದ ಮಗಳನ್ನು ಬಂಧುಗಳಿಗೆ ಒಪ್ಪಿಸಿ ದೀಕ್ಷೆಗೆ ಹೊರಟಾಗ ದೇಶದೆಲ್ಲೆಡೆ ಚರ್ಚೆ ನಡೆಯಿತು. ಕೆಲವರು ಅದನ್ನು ಮಹಾತ್ಯಾಗವೆಂದರು, ಕೆಲವರು ಕರ್ತವ್ಯಲೋಪವೆಂದರು. ತಂದೆತಾಯಿಗಳಿಬ್ಬರೂ ಹೀಗೆ ಪೋಷಕತ್ವದಿಂದ ಹೊರಗಾದರೆ ಅಜ್ಜ-ಅಜ್ಜಿಯರು ತಾವಾಗಿಯೇ ಸಹಜ ಪೋಷಕರಾಗುವುದಿಲ್ಲ; ನ್ಯಾಯಾಲಯವೇ ಪೋಷಕರನ್ನು ನೇಮಿಸಬೇಕಾಗುತ್ತದೆ. ಪ್ರೀತಿಗೆ ಕೊರತೆಯಿಲ್ಲದಿದ್ದರೂ ಮಗುವಿನ ಸ್ವತ್ತು ಮತ್ತು ಹಕ್ಕುಪತ್ರಗಳ ವಿಷಯದಲ್ಲಿ ಅದು ತೊಡಕನ್ನು ಎದುರಿಸಬಹುದು.

ವೈರಾಗ್ಯವನ್ನು ಪ್ರಶ್ನಿಸುವ ಅಧಿಕಾರ ಗೃಹಸ್ಥರಿಗಿಲ್ಲವೆಂಬ ಮಾತಿದೆ. ಆದರೆ ಪರಂಪರೆಯೇ ಇಲ್ಲಿ ಒಂದು ಅಳತೆಯನ್ನು ಕೊಟ್ಟಿದೆ. ಕುಂದಕುಂದಾಚಾರ್ಯರ ಪ್ರವಚನಸಾರದಲ್ಲಿ ಶ್ರಾಮಣ್ಯವನ್ನು ಬಯಸುವವನು ಬಂಧುವರ್ಗವನ್ನು ಕೇಳಿಕೊಂಡು, ಹಿರಿಯರು, ಪತ್ನಿ, ಪುತ್ರರಿಂದ ಬಿಡುಗಡೆ ಹೊಂದಿ ಮುಂದುವರಿಯುವ ಕ್ರಮವನ್ನು ಹೇಳಿದೆ. ಬಿಡುಗಡೆಯನ್ನು ಕೊಡುವವರಲ್ಲಿ ಪುತ್ರರೂ ಸೇರಿದ್ದಾರೆಂಬುದನ್ನು ಗಮನಿಸಬೇಕು. ಆತ್ಮವು ಯಾರಿಗೂ ಸೇರಿದ್ದಲ್ಲವೆಂದು ತಿಳಿದವನಿಗೆ ಆ ಅನುಮತಿ ಕೇವಲ ಉಪಚಾರವೆಂದು ವಾದಿಸಬಹುದು. ಉಪಚಾರವೆಂದೇ ಇಟ್ಟುಕೊಂಡರೂ ಮೂರು ವರ್ಷದ ಮಗು ಅದನ್ನು ನೆರವೇರಿಸಲಾರದು. ಒಡೆತನವನ್ನು ಬಿಡುವುದು ತ್ಯಾಗ. ಹೊಣೆಯನ್ನು ಇನ್ನೊಬ್ಬರ ಹೆಗಲಿಗೆ ಏರಿಸುವುದು ಅದಲ್ಲ. ಮಗುವು ಮಾತು ತಿಳಿಯುವ ವಯಸ್ಸಿಗೆ ಬರುವವರೆಗೆ ಅಣುವ್ರತಗಳಲ್ಲಿಯೂ ಪ್ರತಿಮೆಗಳಲ್ಲಿಯೂ ದೃಢವಾಗಿ ಮುಂದುವರಿಯಲು ಶ್ರಾವಕಧರ್ಮವು ಹನ್ನೊಂದು ಮೆಟ್ಟಿಲುಗಳನ್ನು ಕಟ್ಟಿಕೊಟ್ಟಿದೆ. ಆ ಮೆಟ್ಟಿಲುಗಳು ಇರುವುದು ಏರುವುದಕ್ಕಾಗಿಯೇ, ಹಾರುವುದಕ್ಕಲ್ಲ.

ಬಸದಿಗಳ ಆಡಳಿತ ಮಂಡಲಿಗಳು ಮಾಡಬಹುದಾದ, ಮಾಡಬಾರದ ಕೆಲಸಗಳನ್ನು ಸಂಗ್ರಹವಾಗಿ ಹೇಳಬಹುದು. ಮಗುವನ್ನು ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಒಪ್ಪಿಸುವ ಅಧಿಕಾರ ಪಂಚಾಯಿತಿಗಿಲ್ಲ. 'ಮಗುವನ್ನು ಇಟ್ಟುಕೋ, ಜೀವನಾಂಶ ಕೇಳಬೇಡ' ಎಂಬ ಮುಚ್ಚಳಿಕೆಯನ್ನು ಬರೆಸುವುದು ಎಂದಿಗೂ ಸಲ್ಲದು. ಮಗುವಿನ ಜೀವನಾಂಶ ಮಗುವಿನ ಹಕ್ಕು. ತಾಯಿಯೋ ತಂದೆಯೋ ಅದನ್ನು ಚೌಕಾಶಿಯಲ್ಲಿ ಬಿಟ್ಟುಕೊಡಲಾಗದು. ರಾಜಿಯಾದರೆ ಭೇಟಿಯ ದಿನ, ರಜೆ, ಶಾಲೆಯ ಖರ್ಚು, ಕಾಯಿಲೆಯ ಕಾಲದ ಏರ್ಪಾಡುಗಳನ್ನು ಬರಹದಲ್ಲಿಟ್ಟು ನ್ಯಾಯಾಲಯದ ಮುಂದೆ ಮಂಡಿಸುವಂತೆ ಸೂಚಿಸಬೇಕು. ಹಿಂಸೆಯಿಂದ ಪಾರಾಗಿ ಬಂದವಳನ್ನು ಸಮಾಜದ ಮರ್ಯಾದೆಯ ಹೆಸರಿನಲ್ಲಿ ಹಿಂದಕ್ಕೆ ಕಳುಹಿಸಬಾರದು. ತಂದೆತಾಯಿಗಳು ಒಬ್ಬರನ್ನೊಬ್ಬರು ಮನೆಗೆ ಸೇರಿಸದಷ್ಟು ಮುನಿದಿದ್ದರೆ, ಮಗುವನ್ನು ಭೇಟಿ ಮಾಡಲು ಬಸದಿಯ ಪ್ರಾಕಾರದಲ್ಲಿ ಶಾಂತವಾದ ಒಂದು ಸ್ಥಳವನ್ನು ಒದಗಿಸುವುದು ಯಾವ ಪ್ರಭಾವನೆಗೂ ಕಡಿಮೆಯಲ್ಲದ ಸೇವೆ.

ಪರ್ಯುಷಣದ ಕೊನೆಗೆ ಶ್ರಾವಕರು ಎಲ್ಲ ಜೀವಗಳಲ್ಲಿಯೂ ಕ್ಷಮೆ ಬೇಡುತ್ತಾರೆ. ಬೇರ್ಪಟ್ಟ ದಂಪತಿಗಳು ಆ ದಿನ ಪರಸ್ಪರ ಕ್ಷಮಿಸಲಾರದೆ ಹೋಗಬಹುದು. ಕ್ಷಮೆಯನ್ನು ಯಾರೂ ಬಲವಂತದಿಂದ ಹೊರಡಿಸಲಾರರು. ಆದರೆ ತಮ್ಮ ನಡುವೆ ಸಿಕ್ಕಿಕೊಂಡ ಮಗುವಿನ ಮುಂದೆ ಕುಳಿತು, ಇನ್ನು ಮುಂದೆ ನಿನ್ನೆದುರು ನಿನ್ನ ತಂದೆಯನ್ನು, ನಿನ್ನ ತಾಯಿಯನ್ನು ಹಳಿಯುವುದಿಲ್ಲವೆಂದು ವ್ರತವಾಗಿ ಹೇಳುವುದು ಅವರ ಕೈಯಲ್ಲಿದೆ. ನ್ಯಾಯಾಲಯದ ಯಾವ ಆದೇಶವೂ ಅದನ್ನು ಮಾಡಿಸಲಾರದು.